ಎಂಜಿ ಅಂತ ಕೊಳ್ಳುವ ಕಾರಿನಲ್ಲಿ ಎಂಜಿ ಎಷ್ಟಿದೆ?

ಎಂಜಿಯಂಥ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಮಾರುವವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: “ಎಲ್ಲಾ ಒರಿಜಿನಲ್ ಅದ್ರಿ ಅಣ್ಣಾ, ಒಂದ್ ನಟ್ಟೂ ಬದ್ಲಾಗಿಲ್ಲ ನೋಡ್ರಿ.” ಅರವತ್ತು ಎಪ್ಪತ್ತು ವರ್ಷದ ಕಾರಿನಲ್ಲಿ ಒಂದು ನಟ್ಟೂ ಬದಲಾಗಿಲ್ಲ ಎಂದರೆ ಅದು ಓಡಿಯೇ ಇಲ್ಲ ಎಂದರ್ಥ. ಹಾಗಾಗಿ ಆ ಮಾತಿಗೆ ವಾದಕ್ಕೆ ನಿಲ್ಲುವುದು ಬೇಡ. ಏನು ಬದಲಾಗಿದೆ, ಯಾವಾಗ ಬದಲಾಗಿದೆ, ಅದರ ಜಾಗಕ್ಕೆ ಬಂದದ್ದೇನು, ಕೇಳುತ್ತಿರುವ ಬೆಲೆಯಲ್ಲಿ ಅದರ ಲೆಕ್ಕ ಹಿಡಿದಿದ್ದಾರೋ ಇಲ್ಲವೋ, ಇಷ್ಟನ್ನು ಕಂಡುಕೊಂಡರೆ ಸಾಕು.

ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಇಂಥ ಕಾರು ಹುಡುಕಿದರೆ ಅದು ಸಾಮಾನ್ಯವಾಗಿ ಹೈದರಾಬಾದಿನಲ್ಲೋ ಪುಣೆ, ಮುಂಬೈಯಲ್ಲೋ ಸಿಗುತ್ತದೆ. ಎಲ್ಲೇ ಸಿಗಲಿ, ಭಾರತದಲ್ಲಿ ಉಳಿದುಕೊಂಡ ವಿದೇಶಿ ಸ್ಪೋರ್ಟ್ಸ್ ಕಾರುಗಳಿಗೆಲ್ಲ ಒಂದು ಸಮಾನ ಹಣೆಬರಹವಿದೆ. ಆಮದಿನ ಮೇಲೆ ಬಿಗಿ ಇದ್ದ ಆ ದಶಕಗಳಲ್ಲಿ ಬಿಡಿಭಾಗ ತರಿಸುವ ದಾರಿಯೇ ಇರಲಿಲ್ಲ. ಎಂಜಿನ್ನಿನ ಕ್ರ್ಯಾಂಕ್ ಮುರಿದರೆ, ಬ್ಲಾಕ್ (ಎಂಜಿನ್ನಿನ ಎರಕದ ಮೈ) ಬಿರುಕು ಬಿಟ್ಟರೆ ಮಿಸ್ತ್ರಿ ಕೈಗೆ ಸಿಕ್ಕಿದ್ದನ್ನು ಹಾಕಿ ಗಾಡಿ ಓಡಿಸಿದ. ಆ ಮಿಸ್ತ್ರಿಯ ಕೆಲಸವನ್ನು ನಾನು ಮೋಸ ಎನ್ನಲಾರೆ. ಆತ ಹಾಗೆ ಮಾಡದಿದ್ದರೆ ಆ ಕಾರು 1970ರಲ್ಲೇ ಗುಜರಿ ಸೇರುತ್ತಿತ್ತು. ಮೋಸ ಶುರುವಾಗುವುದು ಆ ಬದಲಾವಣೆಯನ್ನು ಮುಚ್ಚಿ, ಕಾರ್ಖಾನೆಯಿಂದ ಬಂದ ಹಾಗೇ ಇದೆ ಎಂದು ಮಾರುವಾಗ.

ಇದನ್ನು ಅರ್ಥ ಮಾಡಿಕೊಳ್ಳಲು ಎಂಜಿ ಕಂಪನಿಯ ಎಂಜಿಎ ಮಾದರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1955ರಿಂದ 1962ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಎರಡು ಸೀಟಿನ ಕಾರು. ಮೊದಲ ಮಾದರಿಯ ಎಂಜಿನ್, ಎಂಜಿಯ ಮಾತೃಸಂಸ್ಥೆಯಾಗಿದ್ದ ಬಿಎಂಸಿ ಕಂಪನಿಯ ಬಿ-ಸೀರೀಸ್, 1489 ಸಿಸಿ. ಈ ಸಂಖ್ಯೆ ನಮ್ಮವರಿಗೆ ಚೆನ್ನಾಗಿ ಗೊತ್ತು, ಏಕೆಂದರೆ ನಮ್ಮ ಅಂಬಾಸಿಡರ್ ಪೆಟ್ರೋಲ್ ಎಂಜಿನ್ ಕೂಡ ಅದೇ ಬಿ-ಸೀರೀಸ್, ಅದೇ 1489 ಸಿಸಿ. ಬೋರ್ (ಸಿಲಿಂಡರಿನ ಅಗಲ) 73.025 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 88.9 ಮಿ.ಮೀ., ಎರಡಕ್ಕೂ ಒಂದೇ. ಎಂಜಿಎ ಎಂಜಿನ್ ಹೋದಾಗ ಅಂಬಾಸಿಡರ್ ಬ್ಲಾಕನ್ನು ಕೂರಿಸುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಬಾನೆಟ್ ಎತ್ತಿ ನೋಡಿದರೂ ಅರಿಯದವರಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಎಂಜಿಎಯ ಎಂಜಿನ್ ಸುಮಾರು 70 ಅಶ್ವಶಕ್ತಿಯದು, ಅಂಬಾಸಿಡರಿನದು 50ರ ಆಸುಪಾಸು. ಬೆಲೆಯಲ್ಲಿ ಆಗುವ ವ್ಯತ್ಯಾಸ ಅದಕ್ಕಿಂತ ಎಷ್ಟೋ ದೊಡ್ಡದು.

ಕಾರು ನೋಡಲು ಹೋಗುವ ಮೊದಲೇ ಮಾರುವವರಿಂದ ನಾಲ್ಕು ಫೋಟೊ ತರಿಸಿಕೊಳ್ಳಿ: ಆರ್‌ಸಿಯ ಎರಡೂ ಬದಿ, ಬಾನೆಟ್ ಒಳಗಿನ ಕಾರ್ ನಂಬರ್ ಪ್ಲೇಟು (ಕಾರ್ಖಾನೆ ಕೊಟ್ಟ ನಂಬರಿನ ತಗಡು), ಎಂಜಿನ್ ನಂಬರ್. ಈ ನಾಲ್ಕನ್ನು ಕಳಿಸಲು ತಡಮಾಡುವವರ ಕಾರಿಗಾಗಿ ಬಸ್ ಚಾರ್ಜು ಖರ್ಚು ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ. ಆರ್‌ಸಿಯಲ್ಲಿ ಎಲ್ಲರೂ ಚಾಸಿ ನಂಬರ್ ಮಾತ್ರ ನೋಡುತ್ತಾರೆ. ಇಂಧನದ ಕಾಲಂ ನೋಡಿ. ಅಲ್ಲಿ ಡೀಸೆಲ್ ಎಂದಿದ್ದರೆ ಈ ಕಾರಿನಲ್ಲಿ ಒಂದು ಕಾಲಕ್ಕೆ ಡೀಸೆಲ್ ಎಂಜಿನ್ ಇತ್ತು, ಅದನ್ನು ಆಗಿನ ಮಾಲೀಕರು ಕಾನೂನು ಪ್ರಕಾರ ನಮೂದು ಮಾಡಿಸಿದ್ದರು ಎಂದೇ ತಿಳಿಯಬೇಕು. ಅಂಬಾಸಿಡರ್ ಡೀಸೆಲ್ ಕೂಡ 1489 ಸಿಸಿಯೇ ಆದ್ದರಿಂದ ಸಿಸಿ ಕಾಲಂ ನೋಡಿ ಸಮಾಧಾನ ಪಡಬೇಡಿ. 1817 ಸಿಸಿ ಎಂದಿದ್ದರೆ ಅದು 1990ರ ದಶಕದ ಅಂಬಾಸಿಡರಿಗೆ ಬಂದ ಇಸುಜು ಎಂಜಿನ್. 1798 ಎಂದಿದ್ದರೆ ಎಂಜಿಎ ನಂತರ ಬಂದ ಎಂಜಿಬಿಯದು. ಆ ಬದಲಾವಣೆ ಇಂಗ್ಲೆಂಡ್, ಅಮೆರಿಕದಲ್ಲೂ ಸಾಮಾನ್ಯ.

ಇನ್ನು ಮೊದಲ ಮಾದರಿಯಾದ ಎಂಜಿಎ 1500ರ ಕಾರ್ ನಂಬರ್. ಇದರ ಆರಂಭದ ಮೂರು ಅಕ್ಷರ, ಎರಡು ಅಂಕಿಯನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಉದಾಹರಣೆಗೆ ಎಚ್‌ಡಿಕೆ 43. ಎಚ್‌ಡಿ ಎಂದರೆ ತೆರೆದ ಎರಡು ಸೀಟಿನ ಮಾದರಿ. ಎಚ್‌ಎಂ ಇದ್ದರೆ ಮುಚ್ಚಿದ ಕೂಪೆ. ಮೂರನೆಯ ಅಕ್ಷರ ಕಾರ್ಖಾನೆ ಬಳಿದ ಬಣ್ಣ: ಕೆ ಎಂದರೆ ಕೆಂಪು, ಎ ಎಂದರೆ ಕಪ್ಪು. ಮೊದಲ ಅಂಕಿ ಯಾವ ಮಾರುಕಟ್ಟೆಗೆ ಮಾಡಿದ್ದು ಎಂಬುದು: 1 ಇಂಗ್ಲೆಂಡಿಗೆ, 2 ಬಲ ಸ್ಟೀರಿಂಗಿನ ರಫ್ತಿಗೆ, 3 ಎಡ ಸ್ಟೀರಿಂಗಿನ ರಫ್ತಿಗೆ, 4 ಉತ್ತರ ಅಮೆರಿಕಕ್ಕೆ, 5 ಮತ್ತು 6 ಬಿಡಿಬಿಡಿಯಾಗಿ ಕಳಿಸಿ ಬೇರೆ ದೇಶದಲ್ಲಿ ಜೋಡಿಸಿದ್ದಕ್ಕೆ. ಕೊನೆಯ ಅಂಕಿ ಬಣ್ಣದ ಜಾತಿ; 3 ಎಂದರೆ ಸೆಲ್ಯುಲೋಸ್. ಅಂದರೆ ಎಚ್‌ಡಿಕೆ 43 ಅಮೆರಿಕಕ್ಕೆಂದು ಮಾಡಿದ ಕೆಂಪು ಕಾರು, ಎಡ ಸ್ಟೀರಿಂಗಿನದು. ಆ ನಂಬರಿನ ಕಾರು ನಿಮ್ಮ ಮುಂದೆ ಬಲ ಸ್ಟೀರಿಂಗ್ ಹೊತ್ತು ಬೆಳ್ಳಗೆ ನಿಂತಿದ್ದರೆ ಬಣ್ಣವೂ ಬದಲಾಗಿದೆ, ಸ್ಟೀರಿಂಗೂ ಬದಲಾಗಿದೆ. ಅಥವಾ ಪ್ಲೇಟೇ ಬೇರೆ ಕಾರಿನದು. ಸ್ಟೀರಿಂಗ್ ಬದಲಿಸಿದ್ದರೆ ಪೆಡಲ್ ಬಾಕ್ಸ್ ಸುತ್ತ, ಸ್ಟೀರಿಂಗ್ ರ‍್ಯಾಕ್ ಕೂರುವ ಜಾಗದ ಸುತ್ತ ಕೈಬೆಸುಗೆಯ ಗುರುತು ಹುಡುಕಿ.

ಅಕ್ಷರಗಳ ನಂತರದ ಕ್ರಮಸಂಖ್ಯೆಯೂ ಮಾತಾಡುತ್ತದೆ. ಎಂಜಿಎ 10101ರಿಂದ ಶುರು. 1588 ಸಿಸಿಯ 1600 ಮಾದರಿ 68851ರಿಂದ, 1622 ಸಿಸಿಯ ಮಾರ್ಕ್ 2 100352ರಿಂದ. 1600 ಬಂದಾಗ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು. ಹಾಗಾಗಿ 40 ಸಾವಿರದ ಸರಣಿಯ ಕಾರಿನಲ್ಲಿ ಮುಂದೆ ಡಿಸ್ಕ್ ಇದ್ದರೆ ಅದು ಆಮೇಲೆ ಹಾಕಿದ್ದು. 90 ಸಾವಿರದ ಕಾರಿನಲ್ಲಿ ಡ್ರಮ್ ಇದ್ದರೆ ಇನ್ನೂ ದೊಡ್ಡ ಪ್ರಶ್ನೆ: ಮುಂಭಾಗದ ಸಸ್ಪೆನ್ಷನ್ ಯಾವ ಕಾರಿನದು?

ಎಂಜಿಎ ಟ್ವಿನ್ ಕ್ಯಾಮ್ (ಹೆಡ್ಡಿನಲ್ಲಿ ಎರಡು ಕ್ಯಾಮ್‌ಶಾಫ್ಟ್ ಇರುವ ಮಾದರಿ) ಎಂದು ಹೇಳಿದರೆ ಎರಡು ಪಟ್ಟು ಎಚ್ಚರ ಬೇಕು. 1958ರಿಂದ 1960ರ ನಡುವೆ ತಯಾರಾದದ್ದು ಬರೀ 2,111. ಅವಕ್ಕೆ ಪ್ರತ್ಯೇಕ ಸರಣಿ, ತೆರೆದ ಕಾರಾದರೆ ವೈಡಿ, ಕೂಪೆಯಾದರೆ ವೈಎಂ ಎಂದು ಶುರುವಾಗಿ 501ರಿಂದ 2611ರ ಒಳಗೆ. ನಾಲ್ಕೂ ಚಕ್ರಕ್ಕೆ ಡನ್‌ಲಪ್ ಡಿಸ್ಕ್, ನಡುವೆ ಒಂದೇ ದೊಡ್ಡ ನಟ್ಟಿನಿಂದ ಹಿಡಿದ ತೂತುಗಳ ಉಕ್ಕಿನ ಚಕ್ರ, ಇವನ್ನು ನೋಡಿ ಟ್ವಿನ್ ಕ್ಯಾಮ್ ಎಂದು ತೀರ್ಮಾನಿಸಬಾರದು. ಟ್ವಿನ್ ಕ್ಯಾಮ್ ನಿಂತ ಮೇಲೆ ಉಳಿದ ಆ ಭಾಗಗಳನ್ನೇ ಹಾಕಿ ಕಂಪನಿ ಸಾಧಾರಣ ಎಂಜಿನ್ನಿನ ಡಿಲಕ್ಸ್ ಕಾರುಗಳನ್ನೂ ಮಾರಿತು.

ಇಷ್ಟೆಲ್ಲ ಹೊಂದಿಸಿ ನೋಡಲು ಒಂದು ಆಧಾರ ಬೇಕಲ್ಲ. ಇಂಗ್ಲೆಂಡಿನ ವಾರಿಕ್‌ಶೈರ್‌ನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಬಳಿ ಎಂಜಿ ಕಾರ್ಖಾನೆಯ ದಾಖಲೆ ಪುಸ್ತಕಗಳಿವೆ. ಹಣ ಕಟ್ಟಿದರೆ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ: ಕಾರು ತಯಾರಾದ ದಿನ, ಆಗಿನ ಬಣ್ಣ, ಆಗಿನ ಎಂಜಿನ್ ನಂಬರ್, ಯಾವ ದೇಶಕ್ಕೆ ಹೋಯಿತು ಎಂಬ ವಿವರ. ಇದಕ್ಕಾಗಿ ಅರ್ಜಿಯನ್ನು ಮಾರುವವರ ಕೈಯಿಂದಲೇ ಹಾಕಿಸಿ, ಖರ್ಚು ನೀವು ಕೊಡಿ. ಆದರೆ ಈ ಸರ್ಟಿಫಿಕೇಟು ಆ ನಂಬರಿನ ಕಾರು ಹೇಗೆ ಹುಟ್ಟಿತು ಎಂದಷ್ಟೇ ಹೇಳುತ್ತದೆ. ನಿಮ್ಮ ಮುಂದೆ ನಿಂತಿರುವುದು ಅದೇ ಕಾರು ಎಂದು ಹೇಳುವುದಿಲ್ಲ. ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿದ ಸರ್ಟಿಫಿಕೇಟ್ ತೋರಿಸಿ ವ್ಯಾಪಾರ ಮುಗಿಸುವವರಿದ್ದಾರೆ. ಕಾರ್ ನಂಬರಿನ ಆ ತಗಡನ್ನು ಬಿಚ್ಚಿ ಬೇರೆ ಕಾರಿಗೆ ಹೊಡೆಯಲು ಹತ್ತು ನಿಮಿಷ ಸಾಕು.

ಬಿ-ಸೀರೀಸ್ ಎಂಜಿನ್ನಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅದರ ನಂಬರ್ ಇರುವುದು ಬ್ಲಾಕಿನ ಬಲಬದಿಗೆ, ಡೈನಮೋ ಮೇಲ್ಗಡೆ, ರಿವೆಟ್ ಹೊಡೆದ ಸಣ್ಣ ತಗಡಿನ ಮೇಲೆ. ಅಂದರೆ ಹಳೆಯ ಎಂಜಿಎ ಬ್ಲಾಕಿನ ತಗಡನ್ನು ಕಿತ್ತು ಅಂಬಾಸಿಡರ್ ಬ್ಲಾಕಿಗೆ ಹೊಡೆದರೆ ಸರ್ಟಿಫಿಕೇಟಿನ ನಂಬರೂ ಎಂಜಿನ್ ನಂಬರೂ ಒಂದಕ್ಕೊಂದು ತಾಳೆಯಾಗಿ ಕೂರುತ್ತವೆ! ಆದ್ದರಿಂದ ನಂಬರ್ ಓದಿದ ಮೇಲೆ ರಿವೆಟ್ ನೋಡಬೇಕು. ಎರಡೂ ಒಂದೇ ತರಹದವೇ, ಸುತ್ತಲಿನ ಬಣ್ಣ, ಎಣ್ಣೆಯ ಕರೆ ಒಂದೇ ವಯಸ್ಸಿನದೇ, ತಗಡಿನ ಅಂಚಿಗೆ ಸ್ಕ್ರೂಡ್ರೈವರ್ ತೂರಿ ಎಬ್ಬಿದ ಗುರುತಿದೆಯೇ? ನಡುವೆ ತೂತಿರುವ ಪಾಪ್ ರಿವೆಟ್ ಕಂಡರೆ ಅದು ಕಾರ್ಖಾನೆಯದಲ್ಲ.

ತಗಡನ್ನು ಬಿಟ್ಟು ಬ್ಲಾಕನ್ನೇ ಕೇಳಿ. ಎಂಜಿಎಯಲ್ಲಿ ಆರ್‌ಪಿಎಂ ಮೀಟರಿನ ಕೇಬಲ್ಲಿಗೆ ಕ್ಯಾಮ್‌ಶಾಫ್ಟಿನಿಂದ ಚಾಲನೆ ಸಿಗುತ್ತದೆ. ಬ್ಲಾಕಿನ ಎಡ ಹಿಂಬದಿಯಲ್ಲಿ ಅದಕ್ಕೊಂದು ಗೇರಿನ ಗೂಡು ಇರುತ್ತದೆ. ಅಂಬಾಸಿಡರಿನಲ್ಲಿ ಆರ್‌ಪಿಎಂ ಮೀಟರೇ ಇರಲಿಲ್ಲ, ಆ ಗೂಡೂ ಇಲ್ಲ. ಡ್ಯಾಶಿನ ಮೀಟರ್ ಸತ್ತಿದೆ, “ಕೇಬಲ್ ಹೋಗ್ಯಾದ್ರಿ” ಎಂದರೆ ಟಾರ್ಚು, ಸಣ್ಣ ಕನ್ನಡಿ ಹಿಡಿದು ಕೇಬಲ್ಲಿನ ಇನ್ನೊಂದು ತುದಿ ಎಲ್ಲಿ ಹೋಗುತ್ತದೆ ಎಂದು ನೋಡಿ. ಕಾರ್ಬುರೇಟರ್ ನೋಡಿ: ಎಂಜಿಎಗೆ ಒಂದೂವರೆ ಇಂಚಿನ ಎಸ್‌ಯು ಎಚ್4 ಎರಡು. ಒಂದೇ ಕಾರ್ಬುರೇಟರ್ ಇದ್ದರೆ ವಿಷಯ ಸ್ಪಷ್ಟ. ಎರಡಿದ್ದ ಮಾತ್ರಕ್ಕೆ ಬ್ಲಾಕ್ ಎಂಜಿಎಯದು ಎಂದಲ್ಲ, ಅಂಬಾಸಿಡರ್ ಹೆಡ್ಡಿಗೂ ಎರಡು ಕೂರಿಸಬಹುದು. ಗೇರ್ ಬಾಕ್ಸಿನ ಮೇಲೂ ಕಣ್ಣಿರಲಿ. ಎಂಜಿಎಯ ಗೇರ್ ಹಿಡಿ ನೆಲದಿಂದ ಬರುತ್ತದೆ, ಅದಕ್ಕೆ ಗೇರ್ ಬಾಕ್ಸ್ ಮೇಲೆಯೇ ಹಿಂದಕ್ಕೆ ಚಾಚಿದ ಎರಕದ ಉದ್ದ ಕವಚವಿದೆ. ಸ್ಟೀರಿಂಗ್ ಬಳಿ ಗೇರಿದ್ದ ಅಂಬಾಸಿಡರ್ ಡಬ್ಬಿಗೆ ಸರಳು ಬೆಸುಗೆ ಹಾಕಿ ನೆಲದ ಗೇರ್ ಮಾಡಿದ್ದರೆ ಕೆಳಗಿನಿಂದ ನೋಡಿದಾಗ ಗೊತ್ತಾಗುತ್ತದೆ.

ಕೆಲವರು ಪ್ಲಗ್ಗಿನ ತೂತಿನಿಂದ ಕಡ್ಡಿ ಇಳಿಸಿ ಸ್ಟ್ರೋಕ್ ಅಳೆದು ಎಂಜಿನ್ ಗುರುತಿಸುತ್ತೇವೆ ಎನ್ನುತ್ತಾರೆ. ಬಿ-ಸೀರೀಸಿನಲ್ಲಿ ಅದು ವ್ಯರ್ಥ. 1489, 1588, 1622, 1798 ಎಲ್ಲಕ್ಕೂ ಸ್ಟ್ರೋಕ್ 88.9 ಮಿ.ಮೀ.ಯೇ. ಬದಲಾಗುವುದು ಬೋರ್ ಮಾತ್ರ: ಕ್ರಮವಾಗಿ 73.03, 75.41, 76.2, 80.26 ಮಿ.ಮೀ. ಹೆಡ್ ತೆಗೆದಾಗ ಮಾತ್ರ ಅದನ್ನು ಅಳೆಯಬಹುದು. 1489ರ ಬ್ಲಾಕನ್ನು 40 ಥೌ (ಇಂಚಿನ ಸಾವಿರದ 40 ಭಾಗ) ದೊಡ್ಡದು ಮಾಡಿ ಬೋರ್ ಹೊಡೆಸಿದರೂ 74.04ಕ್ಕೆ ನಿಲ್ಲುತ್ತದೆ, 1588ರ ಹತ್ತಿರ ಬರುವುದಿಲ್ಲ. ಬೆಲೆ ದೊಡ್ಡದಿದ್ದರೆ ಹೆಡ್ ತೆಗೆಸಿ ನೋಡುವ ಖರ್ಚನ್ನೂ ಹೊಸ ಗ್ಯಾಸ್ಕೆಟ್ಟನ್ನೂ ನೀವೇ ಹೊತ್ತು ಅನುಮತಿ ಕೇಳಿ.

ಮೈ ಪರೀಕ್ಷೆಗೆ ಬೆಳಗ್ಗೆ ಬೇಗ ಹೋಗಬೇಕು. ನಮ್ಮ ಬಿಸಿಲಲ್ಲಿ, ಏಪ್ರಿಲ್-ಮೇ ತಿಂಗಳಲ್ಲಿ, ಹನ್ನೊಂದಕ್ಕೆಲ್ಲ ತಗಡು ಮುಟ್ಟಲಾಗದಷ್ಟು ಕಾಯುತ್ತದೆ. ಅವಸರದಲ್ಲಿ ಕೈಯಾಡಿಸಿದರೆ ಏನೂ ತಿಳಿಯುವುದಿಲ್ಲ. ತೊಳೆದು ಒದ್ದೆ ಇರುವ ಕಾರನ್ನು ನೋಡಲೇಬೇಡಿ, ನೀರಿನ ಹೊಳಪಿನಲ್ಲಿ ಅಲೆಗಳು ಮುಚ್ಚಿಹೋಗುತ್ತವೆ.

ಒಂದು ತೆಳು ಅಯಸ್ಕಾಂತ, ಬಣ್ಣ ಗೀಚದ ಹಾಗೆ ಬಟ್ಟೆ ಸುತ್ತಿದ್ದು, ಜೇಬಿನಲ್ಲಿರಲಿ. ಎಂಜಿಎಯಲ್ಲಿ ಇದರ ಉಪಯೋಗ ಎರಡು ಬಗೆ. ಬಾಗಿಲ ಹೊರಹೊದಿಕೆ, ಬಾನೆಟ್, ಡಿಕ್ಕಿಯ ಮುಚ್ಚಳ ಅಲ್ಯೂಮಿನಿಯಂ, ಅಲ್ಲಿ ಅಯಸ್ಕಾಂತ ಹಿಡಿಯಬಾರದು. ಹಿಡಿದರೆ ಯಾರೋ ಕಬ್ಬಿಣದ ತಗಡು ಬಡಿದು ಹೊಸದು ಮಾಡಿದ್ದಾರೆ. ನಾಲ್ಕೂ ಮಡ್‌ಗಾರ್ಡ್ ಉಕ್ಕು, ಅಲ್ಲಿ ಹಿಡಿಯಲೇಬೇಕು. ಹಿಡಿಯದಿದ್ದರೆ ಕೆಳಗೆ ಪುಟ್ಟಿ ದಪ್ಪಗಿದೆ, ಇಲ್ಲವೇ ಫೈಬರ್. ಬಾಗಿಲ ಕೆಳ ಅಂಚಿನಲ್ಲಿ ಒಳಗಿನ ಉಕ್ಕಿನ ಚೌಕಟ್ಟಿಗೆ ಅಲ್ಯೂಮಿನಿಯಂ ಮಡಚಿ ಕೂರಿಸಿರುತ್ತಾರೆ. ಎರಡು ಲೋಹ ತಾಗಿ ತೇವ ಸೇರಿದರೆ ಅಲ್ಯೂಮಿನಿಯಂ ಬೂದುಗಟ್ಟಿ ಬಣ್ಣದ ಕೆಳಗೆ ಗುಳ್ಳೆ ಏಳುತ್ತದೆ. ಆ ಗುಳ್ಳೆ ಕಂಡರೆ ನನಗಂತೂ ಸಮಾಧಾನ: ಬಾಗಿಲು ಹಳೆಯದು.

ಬಣ್ಣದ ದಪ್ಪ ಅಳೆಯುವ ಮೀಟರ್ ಈಗ ದುಬಾರಿಯಲ್ಲ. ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ಓದುವಂಥದ್ದೇ ಇರಬೇಕು. ಬರೀ ಕಬ್ಬಿಣದ್ದು ಎಂಜಿಎಯ ಬಾನೆಟ್ ಮೇಲೆ ಕೆಲಸ ಮಾಡುವುದಿಲ್ಲ. ಜೊತೆಗೆ ಬಂದ ಹಾಳೆಯ ಮೇಲೆ ಮೊದಲು ಸರಿಮಾಡಿಕೊಂಡು, ಒಂದೊಂದು ಭಾಗಕ್ಕೆ ಆರೇಳು ಕಡೆ ಅಳೆಯಿರಿ. ಕಾರ್ಖಾನೆ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್. ಮರುಬಣ್ಣ ಬಳಿದಿದ್ದರೆ 200ರಿಂದ 400. ಸಾವಿರ ದಾಟಿದರೆ ಕೆಳಗೆ ಪುಟ್ಟಿ. ಈ ವಯಸ್ಸಿನ ಕಾರಿಗೆ ಮರುಬಣ್ಣ ತಪ್ಪಲ್ಲ, ಎಲ್ಲೆಡೆ 300 ಬಂದರೆ ಯಾರೋ ಶ್ರದ್ಧೆಯಿಂದ ಪೂರ್ತಿ ಬಳಿದಿದ್ದಾರೆ. ಎಲ್ಲೆಡೆ 250 ಇದ್ದು ಬಲ ಮುಂದಿನ ಮಡ್‌ಗಾರ್ಡ್‌ನಲ್ಲಿ ಮಾತ್ರ 1,800 ಬಂದರೆ ಆ ಮೂಲೆಯ ಚಾಸಿಯ ಅಳತೆ ತೆಗೆಯದೆ ಮುಂದೆ ಹೋಗಬೇಡಿ.

ಎಂಜಿಎಗೆ ಬೇರೆ ಚಾಸಿ ಇದೆ. ಉಕ್ಕಿನ ಪೆಟ್ಟಿಗೆ ಆಕಾರದ ಎರಡು ಉದ್ದ ತೊಲೆ, ನಡುವೆ ಅಡ್ಡಪಟ್ಟಿ. ಪಾದದ ಕೆಳಗಿನ ನೆಲ ಪ್ಲೈವುಡ್. ನಮ್ಮ ಕಡೆ ಗ್ಯಾರೇಜುಗಳಲ್ಲಿ ಪ್ಲೈವುಡ್ ಹಾಳಾದಾಗ ಕಬ್ಬಿಣದ ತಗಡನ್ನು ಚಾಸಿಗೇ ಬೆಸೆದುಬಿಟ್ಟದ್ದು ಸಾಮಾನ್ಯ. ಆ ತಗಡಿನ ಕೆಳಗೆ ನೀರು ನಿಂತು ತೊಲೆಯ ಮೇಲ್ಮೈ ತಿಂದಿರುತ್ತದೆ. ಕಾರ್ಪೆಟ್ ಎತ್ತಿ ನೋಡಿ. ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿಗೆ ಎರಡು ತಟ್ಟೆಗಳಿರಬೇಕು; ಒಂದು 12 ವೋಲ್ಟ್ ಬ್ಯಾಟರಿಗಾಗಿ ಕತ್ತರಿಸಿದ್ದರೆ ಗಮನಿಸಿಕೊಳ್ಳಿ, ಆದರೆ ಅದಕ್ಕಾಗಿ ಕಾರು ಬಿಡುವ ಕಾರಣವಿಲ್ಲ. ಬಾಗಿಲ ಕಂಬದ ಬುಡ ಮತ್ತು ಹೊಸ್ತಿಲ ಪಟ್ಟಿ ತುಕ್ಕು ಹಿಡಿಯುವ ಮೊದಲ ಜಾಗಗಳು. ಫೋನಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾವನ್ನು ನೀರು ಇಳಿಯುವ ತೂತಿನೊಳಗೆ ಬಿಟ್ಟು ಒಳಗೋಡೆ ನೋಡಬಹುದು. ಕಲಬುರಗಿಯಲ್ಲೇ ನಿಂತಿದ್ದ ಕಾರಿಗೆ ತುಕ್ಕು ಕಡಿಮೆ, ಧೂಳಿನ ಸವೆತ, ರಬ್ಬರು ಬಿರಿದದ್ದು, ವೈರಿನ ಹೊದಿಕೆ ಪುಡಿಯಾದದ್ದು ಹೆಚ್ಚು. ಮುಂಬೈಯ ಕಾರಿನದು ಇದಕ್ಕೆ ವಿರುದ್ಧ. “ಹುಟ್ಟಿದಾಗಿನಿಂದ ಇಲ್ಲೇ ಇದ್ದ ಗಾಡಿ” ಎಂದು ಹೇಳುವ ಕಾರಿನ ಹೊಸ್ತಿಲಲ್ಲಿ ಕರಾವಳಿಯ ತುಕ್ಕು ಕಂಡರೆ ಕಥೆಯನ್ನು ಮತ್ತೊಮ್ಮೆ ಕೇಳಿ.

ಎಂಜಿಎಗಿಂತ ಹಿಂದಿನ ಎಂಜಿ ಮಾದರಿಗಳಾದ ಟಿಸಿ, ಟಿಡಿ ಕೊಳ್ಳುವವರಿಗೆ ನಮ್ಮ ಒಣ ಹವೆಯೇ ಸಮಸ್ಯೆ. ಅವುಗಳ ತಗಡಿನೊಳಗೆ ಆ್ಯಶ್ ಮರದ ಚೌಕಟ್ಟಿದೆ. ಮರ ಒಣಗಿ ಕುಗ್ಗಿ ಕೀಲು ಸಡಿಲವಾಗುತ್ತದೆ. ಬಾಗಿಲನ್ನು ತೆರೆದು ಮೆಲ್ಲಗೆ ಮೇಲೆ ಎತ್ತಿ ನೋಡಿ, ಕಂಬ ಅಲುಗಿದರೆ ಮರ ಹೋಗಿದೆ. ತೇಗದ ಮರದಲ್ಲಿ ಹೊಸ ಚೌಕಟ್ಟು ಮಾಡಿರುವುದೂ ಉಂಟು. ಗಟ್ಟಿ ಕೆಲಸವೇ, ಆದರೆ ಮೂಲ ಎಂದು ಹೇಳುವಂತಿಲ್ಲ.

ಬಿಡಿಭಾಗಗಳ ಮೇಲಿನ ದಿನಾಂಕಗಳನ್ನು ನಮ್ಮಲ್ಲಿ ಬಹಳ ಜನ ನೋಡುವುದೇ ಇಲ್ಲ. ನನಗೆ ಇವೇ ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿ. ಬ್ರಿಟನ್ನಿನ ಲ್ಯೂಕಸ್ ಕಂಪನಿ ಡೈನಮೋ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರುಗಳ ಮೈಮೇಲೆ ತಿಂಗಳು-ವರ್ಷ ಗುದ್ದುತ್ತಿತ್ತು. 10 56 ಎಂದರೆ 1956ರ ಅಕ್ಟೋಬರ್. ಈ ದಿನಾಂಕ ಕಾರು ತಯಾರಾದ ದಿನಕ್ಕಿಂತ ಕೆಲವು ವಾರ ಅಥವಾ ತಿಂಗಳು ಹಿಂದಿನದಾಗಿರಬೇಕು. 1957ರ ಜನವರಿಯ ಕಾರಿನಲ್ಲಿ 1959ರ ಡೈನಮೋ ಇದ್ದರೆ ಅದು ಬದಲಾದದ್ದು. ಲ್ಯೂಕಸ್ ಟಿವಿಎಸ್ ಎಂದು ಬರೆದಿದ್ದರೆ ಇನ್ನೂ ಸುಲಭ: ಆ ಕಂಪನಿ ಶುರುವಾದದ್ದೇ 1961ರಲ್ಲಿ, ಮದ್ರಾಸಿನಲ್ಲಿ. ಗಾಜಿನ ಮೂಲೆಯಲ್ಲಿರುವ ಟ್ರಿಪ್ಲೆಕ್ಸ್ ಎಂಬ ಗಾಜಿನ ಕಂಪನಿಯ ಗುರುತಿನ ಅಕ್ಷರಗಳ ಅಡಿ, ಮೇಲೆ ಇರುವ ಸಣ್ಣ ಚುಕ್ಕಿಗಳೂ ಗಾಜು ತಯಾರಾದ ಕಾಲವನ್ನು ಹೇಳುತ್ತವೆ. ಮೋಸ ಮಾಡುವವರು ದೊಡ್ಡ ನಂಬರನ್ನು ತಿದ್ದುತ್ತಾರೆ, ಸ್ಟಾರ್ಟರ್ ಮೋಟಾರಿನ ಬೆನ್ನಿನ ದಿನಾಂಕ ತಿದ್ದಲು ಹೋಗುವುದಿಲ್ಲ.

ಬೋಲ್ಟುಗಳೂ ಸಾಕ್ಷಿಯೇ. ಆ ಕಾರಿಗೆ ಇಂಚಿನ ಅಳತೆಯ ಯುಎನ್‌ಎಫ್ ಥ್ರೆಡ್. ಅರ್ಧ ಇಂಚಿನ ಪಾನಾ ಕೂರಬೇಕಾದ ಕಡೆ 13 ಮಿ.ಮೀ. ಪಾನಾ ಬಿಗಿಯಾಗಿ ಕೂತರೆ ಅಲ್ಲಿ ಎಂ8 ಬೋಲ್ಟ್ ತುರುಕಿದ್ದಾರೆ. 5/16 ಇಂಚು ಎಂದರೆ 7.94 ಮಿ.ಮೀ., 8ಕ್ಕೆ ಎಷ್ಟು ಹತ್ತಿರ ನೋಡಿ. ಎರಡು ಸುತ್ತು ಹೋಗುತ್ತದೆ, ಮೂರನೆಯದಕ್ಕೆ ಒಳಗಿನ ಥ್ರೆಡ್ ಕಿತ್ತುಬರುತ್ತದೆ. ಇಂಥವು ಹೆಚ್ಚಿದ್ದ ಕಡೆ ಭಾಗ ಬಿಚ್ಚಿ ಹಾಕಿದ್ದಾರೆ ಎಂದು ತಿಳಿಯಿರಿ.

ಇನ್ನು ಕಾಟಾ. ತೊಗರಿ ಹೊತ್ತ ಲಾರಿಗಳು ತೂಗುವ ವೇಬ್ರಿಡ್ಜ್ ಕಲಬುರಗಿಯ ದಾಲ್ ಮಿಲ್ಲುಗಳ ಕಡೆ ಎಲ್ಲೆಲ್ಲೂ ಇದೆ, ನೂರಿನ್ನೂರು ರೂಪಾಯಿಯ ಒಳಗಿನ ಕೆಲಸ. ಎಂಜಿಎ ಸುಮಾರು 900 ಕೆ.ಜಿ.ಯ ಕಾರು. ಲಾರಿ ಕಾಟಾ 5 ಅಥವಾ 10 ಕೆ.ಜಿ. ಲೆಕ್ಕದಲ್ಲಿ ತೋರಿಸುವುದರಿಂದ ಸಣ್ಣ ವ್ಯತ್ಯಾಸ ಸಿಗದು. ಆದರೆ 1,000 ದಾಟಿದರೆ ಎಲ್ಲೋ ದಪ್ಪ ತಗಡು, ಭಾರದ ಎಂಜಿನ್, ಪುಟ್ಟಿಯ ರಾಶಿ ಇದೆ. ಮೊದಲು ಮುಂದಿನ ಚಕ್ರ ಮಾತ್ರ, ಆಮೇಲೆ ಹಿಂದಿನವು ಮಾತ್ರ ಕಾಟಾ ಮೇಲೆ ನಿಲ್ಲಿಸಿ ತೂಗಿಸಿದರೆ ಭಾರ ಯಾವ ಕಡೆ ಎಂಬುದೂ ತಿಳಿಯುತ್ತದೆ. ಪೆಟ್ರೋಲ್ ಎಷ್ಟಿತ್ತು ಎಂದು ಚೀಟಿಯ ಹಿಂದೆ ಬರೆದಿಟ್ಟುಕೊಳ್ಳಿ.

ಗುದ್ದಿದ ನಂಬರಿನ ವಿಚಾರಕ್ಕೆ ಜಾಗ್ವಾರ್ ಇ-ಟೈಪ್ ಒಳ್ಳೆಯ ಪಾಠ. ಅದರ ಚಾಸಿ ನಂಬರ್ ಮುಂಭಾಗದ ಅಡ್ಡ ಚೌಕಟ್ಟಿನ ಮೇಲೆ, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಕೂರುವ ಜಾಗದ ಮೇಲ್ಗಡೆ ಇದೆ. ಎಂಜಿನ್ ನಂಬರ್ ಬ್ಲಾಕಿನ ಬಲಬದಿ, ಆಯಿಲ್ ಫಿಲ್ಟರ್ ಮೇಲೆ ಮತ್ತು ಹೆಡ್ಡಿನ ಮುಂಭಾಗದಲ್ಲಿ; ಕೊನೆಯ 8 ಅಥವಾ 9 ಕಂಪ್ರೆಷನ್ ಅನುಪಾತ. 3.8 ಲೀಟರಿನ ಬಲ ಸ್ಟೀರಿಂಗ್ ತೆರೆದ ಕಾರು 850001ರಿಂದ, ಎಡ ಸ್ಟೀರಿಂಗಿನದು 875001ರಿಂದ ಶುರು. ತೊಡಕೇನೆಂದರೆ ನಂಬರ್ ಇರುವ ಆ ಚೌಕಟ್ಟು ಬೋಲ್ಟಿನಿಂದ ಹಿಡಿದದ್ದು. ಅಪಘಾತವಾದರೆ, ತುಕ್ಕು ಹಿಡಿದರೆ ಹೊಸದು ಹಾಕಿ ನಂಬರನ್ನು ಮತ್ತೆ ಗುದ್ದುತ್ತಾರೆ. ಪ್ರಾಮಾಣಿಕ ರಿಪೇರಿಯೂ ಮೋಸವೂ ಇಲ್ಲಿ ಹೊರನೋಟಕ್ಕೆ ಒಂದೇ ತರಹ.

ಗುದ್ದಿದ ಅಂಕಿಗಳನ್ನು ಪರೀಕ್ಷಿಸುವಾಗ ಮರಳು ಕಾಗದ, ತಂತಿ ಬ್ರಷ್ ಮುಟ್ಟಬೇಡಿ. ಥಿನ್ನರ್ ಹಚ್ಚಿದ ಮೆತ್ತನೆ ಬಟ್ಟೆ ಸಾಕು. ಆರ್‌ಟಿಒ ಅರ್ಜಿಗೆ ಚಾಸಿ ಪ್ರಿಂಟ್ ತೆಗೆಯುತ್ತಾರಲ್ಲ, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಹಾಗೆಯೇ ಎರಡು ಮೂರು ಪ್ರಿಂಟ್ ತೆಗೆದು, ಖಚಿತವಾಗಿ ಮೂಲ ಎಂದು ಗೊತ್ತಿರುವ ಅದೇ ವರ್ಷದ ಇನ್ನೊಂದು ಕಾರಿನ ಪ್ರಿಂಟಿನೊಡನೆ ಹೋಲಿಸಿ: ಅಂಕಿಯ ಆಕಾರ, ಎತ್ತರ, ನಡುವಿನ ಅಂತರ, 3ರ ತಲೆ ಚಪ್ಪಟೆಯೋ ದುಂಡಗೋ. ಸುತ್ತಲಿನ ಲೋಹವನ್ನು ಬೆರಳಲ್ಲಿ ಸವರಿ. ಗ್ರೈಂಡರ್ ಹೊಡೆದಿದ್ದರೆ ಅಲ್ಲಿ ತುಸು ತಗ್ಗು ಸಿಗುತ್ತದೆ, ಬೆಸುಗೆ ತುಂಬಿ ಸಮ ಮಾಡಿದ್ದರೆ ಉಬ್ಬು. ಉಜ್ಜಿ ಅಳಿಸಿದ ನಂಬರೂ ಪೂರ್ತಿ ಹೋಗುವುದಿಲ್ಲ. ಗುದ್ದಿದಾಗ ಅಂಕಿಯ ಕೆಳಗಿನ ಲೋಹ ಒತ್ತಿ ಬಿಗಿದಿರುತ್ತದೆ, ಆ್ಯಸಿಡ್ ದ್ರಾವಣ ಹಚ್ಚಿದಾಗ ಆ ಭಾಗ ಬೇರೆ ರೀತಿ ತಿಂದು ಹಳೆಯ ಅಂಕಿ ಮೇಲೆದ್ದು ಬರುತ್ತದೆ. ಕಲಬುರಗಿಯ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯದಂಥ ಕಡೆ ಪೊಲೀಸ್ ಪ್ರಕರಣಗಳಲ್ಲಿ ನಡೆಯುವ ಕೆಲಸ ಅದು, ಕೊಳ್ಳುವವರು ಮನೆಯಲ್ಲಿ ಮಾಡುವುದಲ್ಲ. ನಿಮಗೆ ಅಂಥ ಅನುಮಾನ ಬಂದರೆ ಅಲ್ಲಿಗೇ ಕೈಮುಗಿದು ಹೊರಡಿ. ಕದ್ದ ಕಾರು ಎಷ್ಟು ಅಗ್ಗವಾದರೂ ದುಬಾರಿ.

ಇದೆಲ್ಲ ಹವ್ಯಾಸಿಗಳ ಹಠ ಎನ್ನುವವರಿಗೆ ಈಗ ಕಾನೂನೇ ಉತ್ತರ ಕೊಟ್ಟಿದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ವಿಂಟೇಜ್ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗದೆ ಮೂಲರೂಪದಲ್ಲಿ ಇಟ್ಟುಕೊಂಡ ವಾಹನ ಮಾತ್ರ ವಿಂಟೇಜ್. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ಆಮೇಲೆ ನವೀಕರಣಕ್ಕೆ 5,000. ಮೊದಲೇ ನೋಂದಣಿ ಇದ್ದ ಕಾರು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು; ಹೊಸದಾಗಿ ನೋಂದಣಿಯಾದರೆ ರಾಜ್ಯದ ಅಕ್ಷರಗಳ ನಂತರ ವಿಎ ಎಂದು ಬರುತ್ತದೆ. ದಿನನಿತ್ಯದ ಓಡಾಟಕ್ಕಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲಿಗೆ ಹೋಗಿ ಬರಲು ಮಾತ್ರ. ಹಾಗಾಗಿ ಡೀಸೆಲ್ ಎಂಜಿನ್ ಕೂರಿಸಿದ ಎಂಜಿಎಯನ್ನು “ವಿಂಟೇಜ್ ಆಗ್ತದ್ರಿ” ಎಂಬ ಮಾತು ನಂಬಿ ಕೊಂಡರೆ ಕಷ್ಟ ನಿಮಗೇ.

ನಂಬರ್ ಪ್ಲೇಟಿನ ಅಕ್ಷರಗಳೂ ಇತಿಹಾಸ ಹೇಳುತ್ತವೆ. ಕೆಎ ಸರಣಿ ಬಂದದ್ದು 1989ರ ಜುಲೈನಲ್ಲಿ. 1960ರ ಕಾರಿಗೆ ಕಲಬುರಗಿಯ ಕೆಎ-32, ಯಾದಗಿರಿಯ ಕೆಎ-33 ಅಥವಾ ಬೀದರಿನ ಕೆಎ-38 ಇದ್ದರೆ 1989ರ ನಂತರ ಒಮ್ಮೆ ಮರುನೋಂದಣಿ ಆಗಿದೆ, ಹಿಂದಿನ ನಂಬರ್ ಏನಿತ್ತು ಎಂದು ಕೇಳಿ. 1956ರವರೆಗೆ ಈ ಭಾಗ ಹೈದರಾಬಾದ್ ರಾಜ್ಯದಲ್ಲಿತ್ತು. ಅದಕ್ಕೂ ಹಿಂದಿನ ಕಾರಿನ ಮೊದಲ ದಾಖಲೆ ಅಲ್ಲಿನದು. ಹಳೆಯ ಪುಸ್ತಕದ ಆರ್‌ಸಿ ಇದ್ದರೆ ಒಂದೊಂದು ಪುಟವನ್ನೂ ಓದಿ, ಎಂಜಿನ್ ಬದಲಾದ ನಮೂದು ಅಲ್ಲೇ ಸಿಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಮಾರ್ಪಾಡನ್ನು ಆರ್‌ಸಿಯಲ್ಲಿ ದಾಖಲಿಸಲೇಬೇಕು. ತೆಲಂಗಾಣ ಅಥವಾ ಮಹಾರಾಷ್ಟ್ರದ ಕಾರಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ; ನಂಬರ್ ತಾಳೆಯಾಗದ ಕಾರುಗಳು ಸಿಕ್ಕಿಬೀಳುವುದು ಇಲ್ಲೇ.

ಕೊನೆಗೆ ಕರಾರು ಪತ್ರ. ಅದರಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಕಾರಿನ ಮೇಲಿದ್ದಂತೆ ಬರೆಸಿ, ಪೆನ್ಸಿಲ್ ಪ್ರಿಂಟನ್ನು ಅದಕ್ಕೇ ಅಂಟಿಸಿ ಇಬ್ಬರೂ ಸಹಿ ಹಾಕಿ. ಬದಲಾದದ್ದು ಎಂದು ಇಬ್ಬರಿಗೂ ಒಪ್ಪಿಗೆಯಾದ ಭಾಗಗಳನ್ನು ಹೆಸರಿಸಿ ಬರೆಯಿರಿ. ಹಾಗೆಯೇ ಮರೆಯದೆ ಒಂದು ಪ್ರಶ್ನೆ ಕೇಳಿ: ಬಿಚ್ಚಿ ತೆಗೆದ ಹಳೆಯ ಎಂಜಿನ್ ಎಲ್ಲಿದೆ? ಎಷ್ಟೋ ಸಲ ಅದು ಗೋದಾಮಿನ ಮೂಲೆಯಲ್ಲಿ, ಗೋಣಿಚೀಲದ ಅಡಿ ಬಿದ್ದಿರುತ್ತದೆ. ಕ್ರ್ಯಾಂಕ್ ಮುರಿದಿದ್ದರೂ ಬ್ಲಾಕ್ ಗಟ್ಟಿ ಇರಬಹುದು. ಇವತ್ತು ಬ್ಲಾಕಿಗೆ ಲೈನರ್ ಕೂರಿಸುವ ಲೇತ್ ಕೆಲಸದವರಿದ್ದಾರೆ, ಬಿ-ಸೀರೀಸ್ ಕ್ರ್ಯಾಂಕ್, ಪಿಸ್ಟನ್ ಇಂಗ್ಲೆಂಡಿನಿಂದ ತರಿಸಬಹುದು. ಆ ಬ್ಲಾಕ್, ಅದರ ತಗಡಿನ ನಂಬರ್, ಎರಡು ಎಸ್‌ಯು ಕಾರ್ಬುರೇಟರ್, ಆರ್‌ಪಿಎಂ ಮೀಟರಿನ ಗೇರ್, ಏನೇನು ಉಳಿದಿದೆಯೋ ಅಷ್ಟನ್ನೂ ಕಾರಿನ ಬೆಲೆಯಲ್ಲೇ ಸೇರಿಸಿ ಕರಾರಿನಲ್ಲಿ ಬರೆಸಿಕೊಳ್ಳಿ. ಕಾರು ತರುವ ಲಾರಿಯಲ್ಲೇ ಅವನ್ನೂ ಹೇರಿಕೊಂಡು ಬನ್ನಿ.